ಮೈಗಳ್ಳಿಯ ಸೇಡು

ನನ್ನ ಗಂಡನ ಅಕ್ಕ ಮಸ್ಕಿಯಲ್ಲಿದ್ದಾಳೆ. ಎದುರಿಗಿದ್ದಾಗ ಅಕ್ಕಾ ಎನ್ನುತ್ತೇನೆ, ಮಾತಿಗೊಮ್ಮೆ ‘ರೀ’ ಹಚ್ಚುತ್ತೇನೆ. ಬರೆಯುವಾಗ ಮಾತ್ರ ‘ಅವಳು’ ಎಂದೇ ಬರೆಯುತ್ತೇನೆ. ಅಷ್ಟಾದರೂ ನನ್ನ ಹಕ್ಕು.

ನನಗೆ ‘ಮೈಗಳ್ಳಿ’ ಎಂದು ಹೆಸರಿಟ್ಟವಳು ಅವಳು. ಮಸ್ಕಿಯಲ್ಲಿ ಹೊಸ ಮನೆ ಕಟ್ಟಿಸಿ ಗೃಹಪ್ರವೇಶ ಇಟ್ಟುಕೊಂಡಿದ್ದರು. ಹಿಂದಿನ ದಿನವೇ ಹೆಂಗಸರೆಲ್ಲ ಹೋಗಿ ಸೇರಿದ್ದೆವು. ಹಿತ್ತಲಿನಲ್ಲಿ ಒಲೆ ಹೂಡಿ, ಸಾಲಾಗಿ ಕೂತು ರೊಟ್ಟಿ ಬಡಿಯುತ್ತಿದ್ದರು. ನಾನೂ ಕೂತೆ. ಕೆಲವು ತಿಂಗಳಿಂದ ನನ್ನ ಬೆರಳಿನ ಗಿಣ್ಣುಗಳು ಬಾತುಕೊಳ್ಳುತ್ತಿದ್ದವು. ಬೆಳಗ್ಗೆ ಎದ್ದರೆ ಮುಷ್ಟಿ ಬಿಚ್ಚಲು ಬರುತ್ತಿರಲಿಲ್ಲ. ಶಾಲೆಯಲ್ಲಿ ಬೋರ್ಡಿನ ಮೇಲೆ ಬರೆದೂ ಬರೆದೂ ಹೀಗಾಗಿರಬೇಕು ಎಂದುಕೊಂಡು ಸುಮ್ಮನಿದ್ದೆ. ಆ ದಿನ ಹಿಟ್ಟಿನ ಮುದ್ದೆಯ ಮೇಲೆ ಅಂಗೈ ಇಟ್ಟರೆ ಅಂಗೈ ಚಪ್ಪಟೆಯಾಗಲೇ ಇಲ್ಲ. ಹಾಗೂ ಹೀಗೂ ಎರಡು ಬಡಿದೆ. ಆಮೇಲೆ ಒಂದು ದಣಿವು ಬಂತು. ಪಕ್ಕದಲ್ಲಿದ್ದವರ ಮಾತು ಎಲ್ಲೋ ದೂರದ ಓಣಿಯಲ್ಲಿ ಕೇಳಿಸಿದ ಹಾಗಾಯಿತು. ಎದ್ದು ಅಕ್ಕಿ ಚೀಲ ಇಟ್ಟಿದ್ದ ಕೋಣೆಗೆ ಹೋಗಿ, ಮಡಚಿಟ್ಟ ಜಮಖಾನದ ಮೇಲೆ ಬಿದ್ದುಕೊಂಡೆ.

ಹುಡುಕಿಕೊಂಡು ಬಂದವಳು ದೀಪ ಹಾಕಿದಳು. ಅವಳ ಬೆನ್ನ ಹಿಂದೆ ಬಾಗಿಲ ತುಂಬ ಹೆಂಗಸರು.

“ನೋಡ್ರಿ ಬರ್ರಿ, ನಮ್ಮ ತಮ್ಮನ ಹೆಂಡ್ತಿ ಹೆಂಗ ಮಲಗ್ಯಾಳ. ನಾವೆಲ್ಲ ದುಡದು ಸಾಯಾಕತ್ತೀವಿ. ಇಕಿ ಮಲಗಾಕ ಸಿಂಧನೂರಿಂದ ಬಂದಾಳ.”

“ಇಲ್ರೀ ಅಕ್ಕಾ, ಕೈ ಬಾತಾವ. ಮೈಯಾಗ ಶಕ್ತಿನ ಇಲ್ಲ,” ಎಂದೆ.

“ಬಾತಾವಂತ! ಬಳಿ ಬಿಗಿ ಆಗ್ಯಾವ, ಅಷ್ಟ. ಜಡ್ಡಲ್ಲ ಬೇ ಇದು. ಮೈಗಳ್ಳತನ.”

ಹೆಂಗಸರು ನಕ್ಕರು. ಬೆಳಗಿನಿಂದ ಒಲೆಯ ಮುಂದೆ ಬೆಂದವರು, ನಗಲು ಒಂದು ನೆಪ ಸಿಕ್ಕಿತು, ನಕ್ಕರು. ಅವರ ಮೇಲೆ ನನಗೆ ಸಿಟ್ಟಿಲ್ಲ. ದೀಪ ಹಾಕಿದವಳ ಮೇಲಿದೆ.

ಸಿಂಧನೂರಿನ ಡಾಕ್ಟರು ನನ್ನ ಎರಡೂ ಕೈ ಹಿಡಿದು, ಗಿಣ್ಣು ಗಿಣ್ಣು ಒತ್ತಿ ನೋಡಿ, ರಕ್ತ ಪರೀಕ್ಷೆ ಮಾಡಿಸಿ, ಬಳ್ಳಾರಿಯ ದೊಡ್ಡ ಡಾಕ್ಟರ ಹತ್ತಿರ ಕಳಿಸಿದರು. ರುಮಟಾಯ್ಡ್ ಸಂಧಿವಾತ ಎಂದು ಗೊತ್ತಾದದ್ದು ಅಲ್ಲಿ. ಮೈಯನ್ನು ಕಾಯಬೇಕಾದ ಶಕ್ತಿಯೇ ತಿರುಗಿ ಬಿದ್ದು ಕೀಲುಗಳನ್ನು ತಿನ್ನುತ್ತದಂತೆ. ಹತೋಟಿಯಲ್ಲಿಡಬಹುದು, ಪೂರ್ತಿ ಹೋಗುವುದಿಲ್ಲ ಎಂದರು. ವಾರಕ್ಕೊಮ್ಮೆ ನುಂಗುವ ಗುಳಿಗೆ ಕೊಟ್ಟರು. ನುಂಗಿದ ಮರುದಿನ ಒಗ್ಗರಣೆ ವಾಸನೆಗೇ ಹೊಟ್ಟೆ ತೊಳಸುತ್ತಿತ್ತು.

ನೋವಿನ ಬಗ್ಗೆ ಎಲ್ಲರೂ ಹೇಳಿದರು, ದಣಿವಿನ ಬಗ್ಗೆ ಯಾರೂ ಸರಿಯಾಗಿ ಹೇಳಲಿಲ್ಲ. ದಣಿವೆಂದರೆ ಕೆಲಸ ಮಾಡಿದ ಮೇಲೆ ಬರುವುದು ಎಂದು ತಿಳಿದಿದ್ದೆ. ನನ್ನದು ಬೆಳಗ್ಗೆ ನನಗಿಂತ ಮೊದಲೇ ಎದ್ದಿರುತ್ತಿತ್ತು. ತಲೆ ಬಾಚಿಕೊಂಡ ಮೇಲೆ ಕೂತು ಸುಧಾರಿಸಿಕೊಳ್ಳಬೇಕು. ಸೀರೆ ಉಟ್ಟ ಮೇಲೆ ಮತ್ತೆ ಕೂಡಬೇಕು. ಆಮೇಲೆ ಜವಳಗೇರಾದ ಬಸ್ಸು ಹಿಡಿದು, ಕಂಬಿಗೆ ಜೋತುಬಿದ್ದು ಹೋಗಿ ಮಕ್ಕಳಿಗೆ ವಿಜ್ಞಾನ ಹೇಳಬೇಕು. ಗಂಡನಿಗೆ ಗೊಬ್ಬರದ ಅಂಗಡಿ. ರಿಪೋರ್ಟು ನೋಡಿದ ಮೇಲೆ ಅವರು ನನ್ನನ್ನು ನಂಬಿದರು. ಆದರೆ ಅಕ್ಕನ ಎದುರು ಬಾಯಿ ಬಿಡುವ ಮನುಷ್ಯರಲ್ಲ. ರಿಪೋರ್ಟಿನ ಸುದ್ದಿ ಮಸ್ಕಿ ಮುಟ್ಟಿದಾಗ ಅವಳು ಫೋನಿನಲ್ಲಿ ತಮ್ಮನಿಗೆ ಅಂದದ್ದು ನನಗೂ ಕೇಳಿಸಿತು: “ಅಷ್ಟಾತು ಬಿಡು. ಇನ್ನ ಮಲಗಾಕ ಡಾಕ್ಟರ ಚೀಟಿನೂ ಸಿಕ್ತು ಅಕಿಗೆ.”

ಗಂಡ “ಹ್ಞೂಂ ಅಕ್ಕಾ, ಹ್ಞೂಂ” ಎಂದು ಫೋನಿಟ್ಟರು.

ಇಷ್ಟೇ ಆಗಿದ್ದರೆ ಮರೆಯುತ್ತಿದ್ದೆನೋ ಏನೋ. ಮಗಳು ದೊಡ್ಡವಳಾದಾಗ ನಮ್ಮ ಮನೆಯಲ್ಲೇ ಸೀರೆ ಉಡಿಸಿ ಆರತಿ ಮಾಡುವ ಕಾರ್ಯ ಇಟ್ಟುಕೊಂಡೆವು. ಆ ದಿನಕ್ಕಾಗಿ ನಾನು ಹಿಂದಿನ ವಾರವೆಲ್ಲ ಮೈ ಉಳಿಸಿಕೊಂಡಿದ್ದೆ. ರಜೆ ಹಾಕಿ ಮಲಗಿದ್ದೆ, ಬಟ್ಟೆ ಒಗೆಯಲು ಬೇರೆಯವರನ್ನು ಕರೆದಿದ್ದೆ, ಕೈಯನ್ನು ಬಿಸಿನೀರಿನಲ್ಲಿಟ್ಟು ಪಳಗಿಸಿದ್ದೆ. ಎಲ್ಲ ಆ ಒಂದು ಗಳಿಗೆ ನಿಲ್ಲುವುದಕ್ಕೆ. ಮಗಳನ್ನು ಕೂಡಿಸಿದರು. ಹಸಿರು ಸೀರೆಯಲ್ಲಿ ಅವಳು ನನ್ನನ್ನೇ ನೋಡುತ್ತಿದ್ದಳು. ನಾನು ಆರತಿ ತಾಟು ಎತ್ತಿದೆ. ಮಣಿಕಟ್ಟು ಒಮ್ಮೆ ನಡುಗಿತು. ಪಕ್ಕದಲ್ಲಿ ನಿಂತಿದ್ದ ನಾದಿನಿ ಕೈ ಚಾಚಿ ತಾಟು ಕಸಿದುಕೊಂಡು, ತನ್ನ ಓರಗಿತ್ತಿಯ ಕೈಗೆ ಕೊಟ್ಟುಬಿಟ್ಟಳು.

“ನೀ ಮಾಡವಾ. ಇಕಿ ಕೈಯಾಗ ನಿಲ್ಲಂಗಿಲ್ಲ.”

ನನಗೆ ಹೇಳಿದಳು: “ನೀ ಹೋಗಿ ಮಲಗು. ಅದು ನಿಂಗ ಬರೋಬ್ಬರಿ ಬರ್ತೈತಿ.”

ಹಾಡು ನಿಲ್ಲಲಿಲ್ಲ. ನನಗೆ ಸರಿಯಾಗಿ ಪರಿಚಯವೂ ಇಲ್ಲದ ಹೆಂಗಸು ನನ್ನ ಮಗಳಿಗೆ ಆರತಿ ಎತ್ತಿದಳು. ನಾನು ಗೋಡೆಗೆ ಆನಿಕೊಂಡು ನಿಂತೆ. ಮಲಗಲು ಹೋಗಲಿಲ್ಲ. ಹೋಗಿದ್ದರೆ ಅವಳ ಮಾತೇ ನಿಜವಾಗುತ್ತಿತ್ತು.

ಮರುದಿನದಿಂದ ನಾನು ನಡೆಯಲು ಸುರುಮಾಡಿದೆ. ಆರೋಗ್ಯಕ್ಕಾಗಿ ಎಂದು ಹೇಳಿದರೆ ಚೆನ್ನಾಗಿ ಕಾಣುತ್ತದೆ, ಆದರೆ ಅದು ಸುಳ್ಳು. ಮುಂದೊಂದು ದಿನ ಅವಳ ಎದುರು ನೆಟ್ಟಗೆ ನಿಂತು ಮಾತಾಡಬೇಕಿತ್ತು. ಅದಕ್ಕೆ ಕಾಲು ಬೇಕಿತ್ತು.

ನಮ್ಮ ಬಡಾವಣೆ ದಾಟಿದರೆ ಉಪಕಾಲುವೆಯ ದಂಡೆ. ಒಂದು ಕಡೆ ನೀರು, ಇನ್ನೊಂದು ಕಡೆ ಭತ್ತದ ಗದ್ದೆ. ಬೆಳಗ್ಗೆ ಮುಕ್ಕುಂದದ ಕಡೆಯಿಂದ ನಾಟಿಗೆ ಬರುವ ಹೆಂಗಸರನ್ನು ತುಂಬಿಕೊಂಡ ಟೆಂಪೋಗಳು, ಕೆಸರಿಗಿಳಿಯಲು ಚಕ್ರಕ್ಕೆ ಕಬ್ಬಿಣದ ಪಂಜರ ಕಟ್ಟಿಕೊಂಡ ಟ್ರ್ಯಾಕ್ಟರುಗಳು. ನಾನು ಸೀರೆಗೆ ಕ್ಯಾನ್ವಾಸ್ ಬೂಟು ಹಾಕಿಕೊಂಡು, ಮನಸ್ಸಿನಲ್ಲೇ ಅವಳ ಜೊತೆ ಜಗಳವಾಡುತ್ತ ನಡೆಯುತ್ತಿದ್ದೆ. ಒಂದು ಮುಂಜಾನೆ ಜಗಳಕ್ಕೆ ಎಷ್ಟು ಕಾವು ಬಂತೆಂದರೆ, ನಾನು ದಿನಾ ಹಿಂದಕ್ಕೆ ತಿರುಗುತ್ತಿದ್ದ, ನೀರು ಬಿಡುವ ತೂಬಿನ ಗೇಟು ಬಂದದ್ದೂ ಗೊತ್ತಾಗಲಿಲ್ಲ. ಅದನ್ನು ದಾಟಿ, ರೈಸ್‌ಮಿಲ್ಲಿನ ಹೊಟ್ಟಿನ ಗುಡ್ಡೆಯವರೆಗೂ ಹೋಗಿಬಿಟ್ಟಿದ್ದೆ. ಮರುದಿನ ಏಳಲಾಗಲಿಲ್ಲ, ಅದರ ಮರುದಿನವೂ. ಮೊಣಕಾಲು ತೆಂಗಿನಕಾಯಿಯಾಗಿತ್ತು.

ಸಿಂಧನೂರಿನ ಡಾಕ್ಟರು ಬೈದರು. “ಟೀಚರ್, ಮಲಗಿದ್ರ ಕೀಲ ಹಿಡೀತಾವ. ಮೀರಿದ್ರ ಬಾಯ್ತಾವ. ದಣಿವಾದ ಮ್ಯಾಲೆ ನಿಲ್ಲೋದಲ್ಲ, ದಣಿಯೂಕಿಂತ ಮೊದ್ಲ ನಿಲ್ಲಬೇಕು. ಚಲೋ ಅನ್ನಿಸಿದ ದಿನಾನ ಹುಷಾರಿರಬೇಕು.”

ಈ ಮಾತು ತಿಳಿಯಲು ಸುಲಭ, ಮಾಡಲು ಬಹಳ ಕಷ್ಟ. ಮೈ ಹಗುರಾದ ದಿನ ಮನೆಯ ಎಲ್ಲ ಕೆಲಸವನ್ನೂ ಮುಗಿಸಿಬಿಡಬೇಕು ಎನಿಸುತ್ತದೆ. ಮುಗಿಸಿದರೆ ವಾರವಿಡೀ ಅದರ ದಂಡ ತೆರಬೇಕು. ಹಾಗಾಗಿ ಸಿಟ್ಟಿಗೂ ಕಡಿವಾಣ ಹಾಕಿದೆ. ಹೋಗುವಾಗ ಜಗಳ, ಬರುವಾಗ ಇಲ್ಲ. ಬರುವಾಗ ನೀರು ನೋಡಬೇಕು, ಉಸಿರು ಸರಿ ಮಾಡಿಕೊಳ್ಳಬೇಕು. ಅಡುಗೆಮನೆಗೆ ಎತ್ತರದ ಸ್ಟೂಲು ತರಿಸಿ ಕೂತು ಅಡುಗೆ ಮಾಡಿದೆ. ರೊಟ್ಟಿಯನ್ನು ಪಕ್ಕದ ಓಣಿಯವರಿಂದ ಕೊಂಡುಕೊಂಡೆ. ಶಾಲೆಯಲ್ಲಿ ಮಹಡಿಯ ತರಗತಿಯನ್ನು ಕೆಳಗೆ ಬದಲಿಸಿಕೊಂಡು, ಕುರ್ಚಿಯಲ್ಲಿ ಕೂತೇ ಪಾಠ ಮಾಡಿದೆ. ಬಟ್ಟೆ ಒಗೆದ ದಿನ ಸಂತೆಯಿಲ್ಲ, ಸಂತೆಯ ದಿನ ಬಟ್ಟೆಯಿಲ್ಲ. ಶಾಲೆಯಿಂದ ಬಂದ ಕೂಡಲೇ ಬಾಗಿಲು ಹಾಕಿ ಮಲಗುತ್ತಿದ್ದೆ. ಯಾರಾದರೂ ಕರೆದರೆ ಮಗಳು “ಅವ್ವ ಮಲಗ್ಯಾಳ” ಎಂದು ನಾಚಿಕೆಯಿಲ್ಲದೆ ಹೇಳುವಂತೆ ಕಲಿಸಿದೆ.

ಹೀಗೆ ಕೆಲವು ವರ್ಷ ಕಳೆದವು. ನನ್ನ ಬೆರಳು ಸ್ವಲ್ಪ ಸೊಟ್ಟಗಾದವು, ಕಾಲು ಗಟ್ಟಿಯಾದವು. ಜಗಳದ ಮಾತುಗಳು ದಿನಾ ಉಜ್ಜಿ ಉಜ್ಜಿ ಹೊಳೆಯುತ್ತಿದ್ದವು. ಆಡುವ ಅವಕಾಶ ಮಾತ್ರ ಬಂದಿರಲಿಲ್ಲ.

ಅದು ಚಿಕೂನ್‌ಗುನ್ಯಾದ ರೂಪದಲ್ಲಿ ಬಂತು. ಆ ಮಳೆಗಾಲ ಮಸ್ಕಿಯಲ್ಲಿ ಮನೆಮನೆಗೂ ಆ ಜ್ವರ. ಉಳಿದವರೆಲ್ಲ ಒಂದಷ್ಟು ದಿನ ಕುಂಟಿ ಎದ್ದರು, ನಾದಿನಿ ಏಳಲಿಲ್ಲ. ಜ್ವರ ಹೋಗಿ ತಿಂಗಳುಗಳಾದರೂ ಕೀಲುನೋವು, ಸುಸ್ತು ಹೋಗಲಿಲ್ಲ. ಕೆಲವರಿಗೆ ಹೀಗೆ ಬಹಳ ಕಾಲ ಉಳಿದುಬಿಡುತ್ತದೆ ಎಂದರು ಡಾಕ್ಟರು. ಮಸ್ಕಿಗೆಲ್ಲ ಹೆಸರಾದ ತೆಳು ರೊಟ್ಟಿ ಬಡಿಯುತ್ತಿದ್ದವಳಿಗೆ ಈಗ ಲೋಟ ಹಿಡಿಯಲು ಎರಡು ಕೈ ಬೇಕಂತೆ. ಸೊಸೆ ಮೊದಮೊದಲು ನೋಡಿಕೊಂಡಳು. ಆಮೇಲೆ ನೆರೆಯವರ ಮುಂದೆ, “ಜ್ವರ ಯಾವಾಗೋ ಹೋಗ್ಯಾವ. ನಮ್ಮ ಅತ್ತೀಗೆ ಹಾಸಿಗಿ ರುಚಿ ಹತ್ತೈತಿ,” ಎನ್ನತೊಡಗಿದಳಂತೆ.

ಇದನ್ನು ಗಂಡ ಊಟದ ಹೊತ್ತಿನಲ್ಲಿ ತಲೆ ತಗ್ಗಿಸಿಕೊಂಡು ಹೇಳಿದರು. “ಸ್ವಲ್ಪ ದಿನ ಇಲ್ಲಿ ಕರ್ಕೊಂಬರ್ಲೇನು? ನಿಮ್ಮ ಡಾಕ್ಟರಿಗೆ ತೋರಸೂಣು. ನಿಂಗ ತಕ್ಲೀಫ್ ಆಗ್ತದ, ಗೊತ್ತೈತಿ...”

“ಕರ್ಕೊಂಬರ್ರಿ,” ಎಂದೆ.

ಅವರು ಅದನ್ನು ನನ್ನ ಒಳ್ಳೆಯತನ ಎಂದುಕೊಂಡು ಕಣ್ಣು ಒರೆಸಿಕೊಂಡರು. ನನಗೆ ಹೊಟ್ಟೆಯೊಳಗೆ ಹಬ್ಬವಾಗುತ್ತಿತ್ತು.

ಅವಳನ್ನು ಮುಂದಿನ ಕೋಣೆಯಲ್ಲಿ ಮಲಗಿಸಿದೆವು. ಮರುದಿನ ಬೆಳಗ್ಗೆ ನಾನು ಬಾಗಿಲಲ್ಲಿ ನಿಂತು ದೀಪ ಹಾಕಿದೆ. ‘ಜಡ್ಡಲ್ಲ, ಮೈಗಳ್ಳತನ’ ಎಂಬ ಅವಳದೇ ಮಾತು ನಾಲಿಗೆಯ ತುದಿಯಲ್ಲಿತ್ತು.

“ಏಳಾಕ ಆಗವಲ್ದು ಬೇ,” ಎಂದಳು. “ಸುಳ್ಳಲ್ಲ. ಖರೇನ ಆಗವಲ್ದು.”

ಅವಳ ಬೆರಳುಗಳು ಅರ್ಧ ಮಡಚಿಕೊಂಡು ಚಾದರದ ಮೇಲೆ ಬಿದ್ದಿದ್ದವು. ಸಂಜೆಯ ಮುಖವನ್ನು ಬೆಳಗ್ಗೆಯೇ ಹೊತ್ತುಕೊಂಡಿದ್ದಳು. ನನಗೆ ಎಂಥ ಸಿಟ್ಟು ಬಂತೆಂದರೆ! ಇಷ್ಟು ವರ್ಷ ಕಾಯ್ದಿಟ್ಟುಕೊಂಡ ಮಾತನ್ನು ಆಡಲಾಗಲಿಲ್ಲ. ಅದು ಸುಳ್ಳೆಂದು ಆ ಮನೆಯಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಅವಳು ನನ್ನ ಬಗ್ಗೆ ಸುಳ್ಳು ಹೇಳಿದ್ದಳು ಎಂಬುದೇ ನನ್ನ ದೂರು. ನಾನೂ ಸುಳ್ಳು ಹೇಳಿದರೆ ನನ್ನ ದೂರೇ ಸತ್ತುಹೋಗುತ್ತಿತ್ತು. ಸೇಡು ತೀರಿಸಿಕೊಳ್ಳಲು ಬೇರೆ ದಾರಿ ಬೇಕಿತ್ತು.

“ಸುಳ್ಳಲ್ಲಂತ ನಂಗ ಗೊತ್ತೈತ್ರೀ ಅಕ್ಕಾ,” ಎಂದೆ. “ಅದಕ್ಕ ಎಬ್ಬಸಾಕ ಬಂದೀನಿ.”

ಬಿಸಿನೀರಿನ ಬೋಗುಣಿ ತಂದು ಅವಳ ಕೈ ಮುಳುಗಿಸಿದೆ. ನೀರಿನೊಳಗೆ ಬೆರಳು ಬಿಚ್ಚಿಸಿದೆ, ಮುಚ್ಚಿಸಿದೆ. ಅತ್ತಳು. “ಅಳ್ರಿ, ಆದ್ರ ಬಿಚ್ರಿ,” ಎಂದೆ. ಡಾಕ್ಟರು ನೋಡಿ ಗುಳಿಗೆ ಬರೆದು, ಮೆಲ್ಲಗೆ ನಡೆಸಿ ಎಂದ ಮೇಲೆ ನನಗೆ ಅಧಿಕಾರ ಪತ್ರವೇ ಸಿಕ್ಕ ಹಾಗಾಯಿತು. ಮೊದಲು ಗೇಟಿನವರೆಗೆ, ಆಮೇಲೆ ಓಣಿಯ ಕೊನೆಯವರೆಗೆ. ಕೂತರೆ ಎಬ್ಬಿಸಿದೆ. ಹುರುಪು ಬಂದು ಮುಂದೆ ಹೋಗುತ್ತೇನೆಂದರೆ ತೋಳು ಹಿಡಿದು ನಿಲ್ಲಿಸಿದೆ.

“ಇವತ್ತ ಚಲೋ ಅನ್ನಸ್ತೈತಿ ಬೇ, ಇನ್ನಷ್ಟ ಹೋಗೂಣು.”

“ಬ್ಯಾಡ. ತಿರುಗ್ರಿ ಹಿಂದಕ್ಕ.”

“ನೀ ಬಾಳ ಕಟುಕಿ ಅದಿ.”

“ಹೌದ್ರೀ.”

ಇಡೀ ಮಸ್ಕಿಯ ಬಳಗವನ್ನು ಬೆರಳ ತುದಿಯಲ್ಲಿ ಕುಣಿಸಿದವಳಿಗೆ ಏಳು, ಕೂಡು, ನಿಲ್ಲು ಎಂದು ಹೇಳುವುದರಲ್ಲಿ ಇದ್ದ ಸುಖವನ್ನು ನಾನು ಮುಚ್ಚಿಡುವುದಿಲ್ಲ.

ಅವಳು ಕಾಲುವೆ ದಂಡೆಯವರೆಗೆ ಬರುವಂತಾದ ಮೇಲೆ ನಿಜವಾದ ಸೇಡು ಸುರುವಾಯಿತು. ನಡೆಯುವಾಗ ಅವಳಿಗೆ ನಡೆಯಲಷ್ಟೇ ಉಸಿರು ಸಾಲುತ್ತಿತ್ತು, ಮಾತಿಗೆ ಉಳಿಯುತ್ತಿರಲಿಲ್ಲ. ನನಗೆ ಉಳಿಯುತ್ತಿತ್ತು. ದಿನಕ್ಕೊಂದರಂತೆ ಹೇಳುತ್ತ ಹೋದೆ. ಅಕ್ಕಿ ಚೀಲದ ಕೋಣೆಯ ಕತೆ ಒಂದು ದಿನ. ಡಾಕ್ಟರ ಚೀಟಿಯ ಮಾತು ಇನ್ನೊಂದು ದಿನ. ನಾನು ರೊಟ್ಟಿಯನ್ನೂ ಕೊಂಡು ತರಿಸುತ್ತೇನೆಂದು ಅವಳು ಲಿಂಗಸುಗೂರಿನ ಬಳಗದಲ್ಲೆಲ್ಲ ಆಡಿ ನಕ್ಕದ್ದು ಮತ್ತೊಂದು ದಿನ. ಓಡಿಹೋಗಲು ಅವಳಿಗೆ ಕಾಲಿರಲಿಲ್ಲ. ಕೈ ಎತ್ತಿ “ಸಾಕು” ಎನ್ನುತ್ತಿದ್ದಳು. “ದಣಿವಾತೇನ್ರಿ? ಕುಂದ್ರೂಣು,” ಎಂದು ಕೂಡಿಸಿ, ಅವಳು ಕೂತಿರುವಾಗ ಉಳಿದದ್ದನ್ನು ಹೇಳಿ ಮುಗಿಸುತ್ತಿದ್ದೆ.

ಆರತಿಯ ಮಾತನ್ನು ಕೊನೆಗಿಟ್ಟುಕೊಂಡಿದ್ದೆ. ಆ ದಿನ ಅವಳು ತೂಬಿನ ಕಟ್ಟೆಯ ಮೇಲೆ ಕೂತಿದ್ದಳು. ಕೇಳುತ್ತ ಕೇಳುತ್ತ ಮುಖ ಕೆಂಪಾಯಿತು.

“ತಾಟ ಬಿದ್ದಿದ್ರ?” ಎಂದಳು. “ಎಲ್ಲಾರ ಮುಂದ ಆರತಿ ಬಿದ್ದಿದ್ರ ಕೂಸಿಗೆ ಅಪಶಕುನ ಅಂತಿದ್ದಿಲ್ಲೇನು ಜನ? ನಿಮ್ಮ ಮರ್ಯಾದಿ ಉಳಸಾಕ ತಗೊಂಡೆ.”

“ಬಿದ್ದಿದ್ರ ಬೀಳ್ತಿತ್ತು. ನನ್ನ ಮಗಳ ಮುಂದ, ನನ್ನ ಕೈಯಾಗಿಂದ ಬೀಳ್ತಿತ್ತು. ಮರ್ಯಾದಿ ಉಳಸೂ ಮಾತಿದ್ರ, ಹೋಗಿ ಮಲಗು ಅಂತ ಯಾಕ ಅಂದ್ರಿ?”

ಅವಳು ಕಟ್ಟೆಯ ಮೇಲೆ ಬೆರಳಾಡಿಸಿ ಧೂಳು ಒರೆಸಿದಳು. ಕೊನೆಗೆ, “ಬಾಯಿ ಬಂದಂಗ ಅಂದೆ. ತಪ್ಪಾತು,” ಎಂದಳು.

“ಇಲ್ಲಿ ಯಾರೂ ಇಲ್ರೀ ಅಕ್ಕಾ. ಅಂದದ್ದು ಎಲ್ಲಾರ ಮುಂದ.”

ಅವಳು ನನ್ನ ಮುಖ ನೋಡಿದಳು. ನಾನು ಎಬ್ಬಿಸಿದೆ. ಮನೆಗೆ ಬಂದೆವು. ಮರುದಿನದಿಂದ ದಂಡೆಯ ಮೇಲೆ ಹೇಳಲು ನನ್ನಲ್ಲಿ ಏನೂ ಉಳಿದಿರಲಿಲ್ಲ, ಸುಮ್ಮನೆ ನಡೆದೆವು. ಟ್ರ್ಯಾಕ್ಟರು ಬಂದರೆ ಅವಳು ನನ್ನ ಸೆರಗು ಹಿಡಿದು ಬದಿಗೆ ಎಳೆಯುತ್ತಿದ್ದಳು.

ಲಿಂಗಸುಗೂರಿನಲ್ಲಿ ಬಳಗದ ಒಂದು ಮದುವೆ ಬಂತು. ಕಾರಿನಲ್ಲಿ ಹೋದೆವು. ವಧೂವರರಿಗೆ ಅಕ್ಕಿ ಕಾಳು ಹಾಕುವ ತನಕ ನಾದಿನಿ ಕಲ್ಯಾಣಮಂಟಪದಲ್ಲಿ ಕೂತಿದ್ದಳು. ಆಮೇಲೆ ಸಾಕಾಯಿತೆಂದಳು. ಹಿಂದಿನ ಕೋಣೆಯಲ್ಲಿ ಮಂಚದ ಮೇಲೆ ಮಲಗಿಸಿ, ನಾನೂ ಕಾಲು ಚಾಚಿ ಪಕ್ಕದಲ್ಲಿ ಕೂತೆ. ನನಗೂ ದಣಿವಾಗಿತ್ತು. ಅಷ್ಟರಲ್ಲಿ ಸೀರೆ ಬದಲಿಸಲು ಹೆಂಗಸರ ಗುಂಪು ಒಳಗೆ ಬಂತು. ಗೃಹಪ್ರವೇಶದ ಹಿಂದಿನ ದಿನ ಬಾಗಿಲಲ್ಲಿ ನಿಂತು ನಕ್ಕವರು ಅದರಲ್ಲಿದ್ದರು. ಅವಳ ಓರಗಿತ್ತಿ ಇದ್ದಳು, ಅವಳ ಸೊಸೆಯೂ ಇದ್ದಳು.

“ಸಿಂಧನೂರಾಗ ಇಷ್ಟ ದಿನ ಇದ್ದು ಬಂದ್ರೂ ಮಲಗೂದು ಬಿಟ್ಟಿಲ್ಲಲ್ರಿ ಅತ್ತಿ,” ಎಂದಳು ಸೊಸೆ.

“ಇಬ್ರೂ ಕೂಡಿ ಬಿಟ್ಟಾರ,” ಎಂದಳು ಓರಗಿತ್ತಿ. “ಚಲೋ ಜೋಡಿ ಆತು.”

ಹೆಂಗಸರು ನಕ್ಕರು. ನಾದಿನಿ ನನ್ನ ಕಡೆ ನೋಡಿದಳು. ಒಂದು ಮಾತು ಹೇಳು, ಬಿಡಿಸು ಎನ್ನುವ ನೋಟ. ನಾನು ಹೇಳಬಹುದಿತ್ತು, ನನ್ನ ಹತ್ತಿರ ಮಾತಿಗೇನು ಬರ. ಹೇಳಲಿಲ್ಲ. ಆ ನಗು ಪೂರ್ತಿ ಮುಗಿಯುವವರೆಗೆ ಅವಳು ಅದರ ಕೆಳಗೆ ಮಲಗಿರಲಿ ಎಂದು ಬಿಟ್ಟೆ. ನಗು ಮುಗಿದ ಮೇಲೆ ಮೆಲ್ಲಗೆ ಅಂದೆ:

“ಹೇಳ್ರಿ ಅಕ್ಕಾ. ಇದು ಏನಂತ ನೀವ ಹೇಳ್ರಿ ಅವರಿಗೆ.”

ಅವಳು ಮೊಣಕೈ ಊರಿ ಎದ್ದು ಕೂತಳು. ನಾನು ಆಸರೆ ಕೊಡಲಿಲ್ಲ. ಹೊತ್ತು ಹಿಡಿಯಿತು, ಎಲ್ಲರೂ ನೋಡುತ್ತಿದ್ದರು.

“ನಾ ಇಕಿಗೆ ಮೈಗಳ್ಳಿ ಅಂದಿದ್ದೆ,” ಎಂದಳು. “ಮಸ್ಕ್ಯಾಗ, ನಿಮ್ಮ ಮುಂದನ. ನೀವೂ ನಕ್ಕಿದ್ರಿ. ಅದು ಸುಳ್ಳು. ಇಕಿ ಕೂಸಿನ ಆರತಿನೂ ಕಸಗೊಂಡೆ. ಈ ಜಡ್ಡು ಹೆಂಗಿರ್ತೈತಿ ಅಂತ ನಂಗ ಗೊತ್ತಿದ್ದಿಲ್ಲ. ಗೊತ್ತಿಲ್ದಿದ್ರ ಬಾಯಿ ಮುಚ್ಚಿಕೊಂಡಿರಬೇಕಿತ್ತು.” ಆಮೇಲೆ ಸೊಸೆಯ ಕಡೆ ತಿರುಗಿ ಹಳೆಯ ದನಿಯಲ್ಲೇ ಅಂದಳು: “ನೀನೂ ಮುಚ್ಚು.”

ಓರಗಿತ್ತಿ ಪಿನ್ನು ಹುಡುಕುವವಳಂತೆ ನೆಲ ನೋಡತೊಡಗಿದಳು. ಒಬ್ಬೊಬ್ಬರೇ ಹೊರಗೆ ಹೋದರು. ನನ್ನ ಮೈ ಹಗುರಾಗಿತ್ತು. ಇಂಥ ಹಗುರ ನನಗೆ ಯಾವ ಗುಳಿಗೆಯಿಂದಲೂ ಬಂದಿರಲಿಲ್ಲ.

ದಾರಿಯಲ್ಲಿ ಕಾರಿನ ಹಿಂದಿನ ಸೀಟಿನಲ್ಲಿ ಅವಳು ಕೇಳಿದಳು: “ಈಗ ಸಮಾಧಾನ ಆತೇನು?”

“ಅರ್ಧ ಆತ್ರೀ.”

“ಇನ್ನರ್ಧ?”

ಮಗಳು ಸೀರೆ ಉಟ್ಟು ಕೂತ ಆ ಗಳಿಗೆಯನ್ನು ಯಾರೂ ಹಿಂದಕ್ಕೆ ತಂದುಕೊಡಲಾರರು. ಕಿಟಕಿಯ ಕಡೆ ತಿರುಗಿ ಕೂತೆ. ಮುಂದೆ ಕೂತಿದ್ದ ಗಂಡ ಮನೆಗೆ ಬಂದ ಮೇಲೆ, “ಇನ್ನ ಮನಸ್ಸಿನ್ಯಾಗ ಏನೂ ಇಟ್ಟಕೋಬ್ಯಾಡ,” ಎಂದರು. ಇಟ್ಟುಕೊಳ್ಳುತ್ತೇನೆ ಎಂದೆ. ಅವತ್ತು ಫೋನಿನಲ್ಲಿ ನೀವು ಹ್ಞೂಂ ಹ್ಞೂಂ ಅಂದದ್ದನ್ನೂ ಇಟ್ಟುಕೊಂಡಿದ್ದೇನೆ ಎಂದೆ. ಅವರು ಅಂಗಿ ಬಿಚ್ಚುವುದನ್ನು ನಿಲ್ಲಿಸಿ ನಿಂತುಬಿಟ್ಟರು.

ನಾದಿನಿ ಬೇಸಿಗೆಗೆ ಮೊದಲು ಮಸ್ಕಿಗೆ ಮರಳಿದಳು. ಈಗ ಬಹಳ ಮಟ್ಟಿಗೆ ಆರಾಮಾಗಿದ್ದಾಳೆ. ನನ್ನದು ಹೋಗುವ ಜಡ್ಡಲ್ಲ. ಹೋದ ಮಳೆಗಾಲ ಮತ್ತೆ ಕೆರಳಿತು, ಮಣಿಕಟ್ಟು, ಪಾದ ಎಲ್ಲ ಬಾತು, ಗುಳಿಗೆ ಬದಲಿಸಿದರು. ಶಾಲೆಗೆ ರಜೆ ಹಾಕಿ ಮಲಗಿದ್ದೆ. ಅವಳು ಫೋನು ಮಾಡಿ ಬರುತ್ತೇನೆಂದಳು. ಬರಬ್ಯಾಡ್ರಿ ಎಂದೆ. ಮರುದಿನ ಬೆಳಗಿನ ಬಸ್ಸಿಗೆ ಬಂದೇಬಿಟ್ಟಳು. ನನ್ನ ಕೋಣೆಯ ಕಿಟಕಿ ಪರದೆ ಎಳೆದು, ಬಾಗಿಲು ಮುಂದೆ ಮಾಡಿ ಹೊರಗೆ ಕೂತಳು.

ಮಧ್ಯಾಹ್ನ ಗಂಡ ಅಂಗಡಿಯಿಂದ ಬಂದು, ಊಟಕ್ಕೆ ಏನಾದರೂ ಆಗಿದೆಯೇ, ನಾನು ಎದ್ದಿದ್ದೇನೆಯೇ ಎಂದು ಕೇಳಿದ್ದು ಕೇಳಿಸಿತು.

“ಅಕಿ ಏಳಂಗಿಲ್ಲ,” ಎಂದಳು ನಾದಿನಿ. “ಅಕಿಗೆ ಜಡ್ಡಾಗೈತಿ. ಕಾಣಂಗಿಲ್ಲೇನು ನಿಂಗ? ಹಸಿವಾದ್ರ ಹೋಗಿ ಹೋಟೆಲ್ದಾಗ ತಿನ್ನು. ಬರೂವಾಗ ಅಕಿಗೂ ಮೆತ್ತಂದು ಏನರ ಕಟ್ಟಿಸ್ಕೊಂಡು ಬಾ.”

ಗಂಡ ಚಪ್ಪಲಿ ಮೆಟ್ಟಿ ಹೊರಟ ಸದ್ದು ಕೇಳಿಸಿತು. ನಾನು ಕಣ್ಣು ಮುಚ್ಚಿ ಮಲಗಿದ್ದೆ. ಆ ಮಾತು ನನಗೆ ಎಷ್ಟು ಹಿತವಾಯಿತೆಂದು ಅವಳಿಗೆ ಹೇಳಬಹುದಿತ್ತು. ಅವಳು ಆಮೇಲೆ ಒಳಗೆ ಬಂದು, “ಕೇಳಿಸ್ತೇನು?” ಎಂದು ಕೇಳಿಯೂ ಕೇಳಿದಳು.

“ಏನ್ರೀ?” ಎಂದು ಮಗ್ಗುಲಾದೆ. ಇಂದಿಗೂ ಹೇಳಿಲ್ಲ.